ಇಬ್ಬರಿಗಷ್ಟೇ ತಾಳುವ ಟೈರು

ಮುಷ್ಟಿಗಾತ್ರದ ಒಂದು ಕಲ್ಲು ಬೀಗದಣ್ಣನ ಗಾಡಿಯ ಹಿಂದಿನ ಜೋಡಿ ಟೈರುಗಳ ನಡುವೆ ಸಿಕ್ಕಿಕೊಂಡು, ಕರೆಯದೆ ಬಂದ ನೆಂಟನ ಹಾಗೆ ಏನು ಮಾಡಿದರೂ ಜಾಗ ಬಿಡಲೊಲ್ಲದು.

ಬೀಗದಣ್ಣ ಬೀದಿಗೆಲ್ಲ ಬೀಗ ಮಾಡಿಕೊಟ್ಟವನು. ಅವನ ಮನೆಯ ಬಾಗಿಲಿಗೆ ಮಾತ್ರ ಚಿಲಕ ಹಾಕುವ ಯೋಗ ಬಂದಿರಲಿಲ್ಲ. ಬೆಳಗ್ಗೆ ಎದ್ದರೆ ಅಡುಗೆಮನೆಯಲ್ಲಿ ಟೈಲರಕ್ಕ ಸಕ್ಕರೆ ಡಬ್ಬಿ ಹುಡುಕುತ್ತಿರುತ್ತಿದ್ದಳು. ಊಟಕ್ಕೆ ಕೂತರೆ ಪಕ್ಕದ ಮನೆಯ ಷಡ್ಡಕ ತಟ್ಟೆ ಹಿಡಿದೇ ಬರುತ್ತಿದ್ದ. ಗಂಡ ಹೆಂಡತಿ ಇಬ್ಬರೇ ಕೂತು ಉಂಡದ್ದು ಯಾವಾಗಲೆಂದು ಇಬ್ಬರಿಗೂ ನೆನಪಿಲ್ಲ.

ಅದಕ್ಕೇ ಅವನು ಹರಾಜಿನಲ್ಲಿ ಹಳೇ ವ್ಯಾನೊಂದನ್ನು ಹಿಡಿದು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ, ಗಾಲಿಯ ಮೇಲೊಂದು ಮನೆ ಮಾಡಿಕೊಂಡಿದ್ದ. ಅದರ ಅವಳಿಯನ್ನು ಅದೇ ಹರಾಜಿನಲ್ಲಿ ಷಡ್ಡಕನೂ ಕೊಂಡಿದ್ದ. ಹಿಂದಿನ ಗಾಲಿಗಳಿಲ್ಲದ ಆ ವ್ಯಾನು ಅಂದಿನಿಂದ ಇಟ್ಟಿಗೆಗಳ ಮೇಲೆ ಕೂತು ಬೀದಿಯ ಬೆಕ್ಕುಗಳಿಗೆ ಹೆರಿಗೆ ಆಸ್ಪತ್ರೆಯಾಗಿತ್ತು.

ಇವತ್ತು ಸಂಜೆ ಹೊರಡುವುದು. ಒಂದು ವಾರ. ಇಬ್ಬರೇ.

"ಕಲ್ಲು ತೆಗೀದೆ ಹೊರಟ್ರೆ ಟೈರು ಸೀಳುತ್ತೆ ರೀ," ಎಂದಳು ಹೆಂಡತಿ.

ಅವನು ಸಲಾಕೆ ಹಾಕಿ ಮೀಟಿದ. ಕಲ್ಲು ಚಿಮ್ಮಿ ಟೈಲರಕ್ಕನ ಕಿಟಕಿ ಗಾಜು ಒಡೆದು ಒಳಗೆ ಹೋಯಿತು. ಬೀದಿ ಹೊರಗೆ ಬಂತು.

ಮೊದಲು ಬಂದವನು ಎದುರು ಮನೆಯ ಮಾಜಿ ಲಾರಿ ಡ್ರೈವರ್. ಬಗ್ಗಿ ಒಳಗಿನ ಟೈರನ್ನು ಒತ್ತಿ ನೋಡಿದ. "ಲೇ, ಇದು ಸತ್ತು ಯಾವ ಕಾಲ ಆಯ್ತೋ! ಹೊರಗಿನದೊಂದೇ ಹೊರ್ತಾ ಇದೆ."

ನಿಜ. ಅಣ್ಣನ ದುಡಿಮೆಯಲ್ಲಿ ಮೀಸೆ ತಿರುವುವ ತಮ್ಮನ ಹಾಗೆ ಒಳಗಿನ ಟೈರು ಗಾಳಿಯಿಲ್ಲದೆ ಆರಾಮಾಗಿ ತಿರುಗಿಕೊಂಡಿತ್ತು.

"ಜೋಡಿಯ ಸಹವಾಸವೇ ಬೇಡ. ಆ ಕಡೆ ಒಂದು, ಈ ಕಡೆ ಒಂದು ಅಗಲ ಟೈರು ಹಾಕಿಸಿಬಿಡ್ತೀನಿ," ಎಂದ ಬೀಗದಣ್ಣ.

ಈಗ ಕಲ್ಲು ಬಿದ್ದದ್ದು ಜೇನುಗೂಡಿಗೆ.

"ಒಂಟಿ ಟೈರಾ? ನಡುದಾರೀಲಿ ಢಂ ಅಂದ್ರೆ ಏನ್ಮಾಡ್ತೀಯ? ಜೋಡಿ ಇದ್ರೆ ಒಂದು ಹೋದ್ರೂ ಇನ್ನೊಂದು ಅಂಗಡಿ ತನಕ ಮುಟ್ಟಿಸುತ್ತೆ. ನಾನು ಲಾರಿ ಓಡಿಸಿದೋನಯ್ಯ!"

"ಎಷ್ಟು ಲಾರಿ ಮಗುಚಿದೆ, ಅದನ್ನೂ ಹೇಳು," ಎಂದಳು ಟೈಲರಕ್ಕ, ಗಾಜಿನ ಚೂರು ಕೈಯಲ್ಲಿ ಹಿಡಿದೇ.

ಷಡ್ಡಕ ನಡುವೆ ನುಗ್ಗಿದ. "ಅಣ್ಣಾ, ಇಷ್ಟು ಜನಕ್ಕೆ ಜೋಡೀನೇ ಸರಿ. ನಾನು ಆಗ್ಲೇ ಟವಲ್ ಹಾಕಿದೀನಿ."

"ಎಷ್ಟು ಜನ? ಎಲ್ಲಿ ಟವಲ್?"

ಬೀಗದಣ್ಣ ಗಾಡಿಯೊಳಗೆ ಇಣುಕಿದ. ಮಂಚದ ಮೇಲೆ ಷಡ್ಡಕನ ಟವಲು, ಒಲೆಯ ಪಕ್ಕ ಟೈಲರಕ್ಕನ ಚೀಲ, ಟ್ಯಾಂಕಿನ ಮೇಲೆ ಡ್ರೈವರನ ದಿಂಬು. ಹೆಂಡತಿ ಅವನ ಮುಖ ನೋಡಿದಳು.

ಸಲಹೆಗೆ ಕಾಸು ಬೀಳುವುದಿಲ್ಲವಲ್ಲ, ಎಲ್ಲರೂ ಅದೇ ಗಾಡಿ ಹತ್ತಿ ಟೈರಂಗಡಿಗೆ ಬಂದರು. ಹೊರಗಿನ ಟೈರು ದಾರಿಯುದ್ದಕ್ಕೂ ನರಳಿತು.

ಅಂಗಡಿಯವ ಅಗಲ ಟೈರೊಂದನ್ನು ಉರುಳಿಸಿ ತಂದ. "ಒಂಟಿಯೇ, ಆದ್ರೆ ಗಟ್ಟಿ. ಮರಳು, ಕೆಸರು ಎಲ್ಲೇ ಹೋದ್ರೂ ಮುಂದಿನ ಗಾಲಿ ಜಾಡಲ್ಲೇ ಬರುತ್ತೆ. ನಡುವೆ ಕಲ್ಲು ಸಿಕ್ಕೋ ಮಾತೇ ಇಲ್ಲ. ಆದ್ರೆ ಭಾರಕ್ಕೊಂದು ಮಿತಿ ಇದೆ. ಮಂಚ, ಟ್ಯಾಂಕು, ನೀವು ಗಂಡ ಹೆಂಡ್ತಿ, ಇಷ್ಟಕ್ಕೆ ಸರಿಯಾಗುತ್ತೆ. ಮೇಲೆ ಜನ ತುಂಬಿದ್ರೆ ನನ್ನ ಕೇಳ್ಬೇಡಿ."

ಬೀಗದಣ್ಣನ ಕಣ್ಣು ಬೆಳಗಿದವು. "ಅದನ್ನೇ ಇನ್ನೊಂದ್ಸಲ ಹೇಳಿ. ಸ್ವಲ್ಪ ಗಟ್ಟಿಯಾಗಿ."

ಅಂಗಡಿಯವ ಹೇಳಿದ. ಬೀಗದಣ್ಣ ಬೀದಿಯ ಕಡೆ ತಿರುಗಿ, ಸಾವಿನ ಮನೆಯ ಮುಖ ಹಾಕಿಕೊಂಡ. "ಕೇಳಿದ್ರಲ್ಲ? ನಮ್ಮಿಬ್ಬರ ಮೇಲೆ ಒಂದು ಕಾಳು ಭಾರ ಹೆಚ್ಚಾದ್ರೂ ಟೈರು ತಾಳಲ್ಲ. ನಂಗೂ ಬೇಜಾರೇ."

ರಿಮ್ ಸಮೇತ ಹಿಂದಿನ ಹಳೇ ಗಾಲಿ ನಾಲ್ಕೂ ಇಳಿದು, ಅಗಲದವು ಎರಡು ಏರಿದವು. ಕಳ್ಳರು ಕದ್ದರೆ ಗುರುತಿರಲಿ ಎಂದು ಅವನೇ ಟೈರುಗಳ ಮೇಲೆ ಬಿಳಿ ಬಣ್ಣದಲ್ಲಿ ಕೀ ಚಿತ್ರ ಬರೆದಿದ್ದ. "ಯಾರಿಗಾದ್ರೂ ಕೊಡಿ, ನನ್ನ ಕಣ್ಣಿಗೆ ಬೀಳದಿದ್ರೆ ಸಾಕು," ಎಂದ.

"ಸ್ಟೆಪ್ನಿ ಗೋದಾಮಿಂದ ಸಂಜೆಗೆ ಬರುತ್ತೆ, ಕಳಿಸ್ತೀನಿ," ಎಂದ ಅಂಗಡಿಯವ.

ಹೊಸ ಟೈರಿನ ಮರ್ಯಾದೆಗೆ ಬೀದಿಯೆಲ್ಲ ನಡೆದೇ ವಾಪಸಾಯಿತು. ಟವಲು, ಚೀಲ, ದಿಂಬು ಇಳಿದವು. ಷಡ್ಡಕ ಮಾತ್ರ ಅಂಗಡಿಯಲ್ಲೇ ಉಳಿದ. "ನೀವು ನಡೀರಿ, ನಂಗೆ ಸಣ್ಣ ಕೆಲಸ ಇದೆ."

ಸಂಜೆಯ ಬಿಸಿಲು ಇಳಿಯುವ ಮುಂಚೆಯೇ ಬೀಗದಣ್ಣ ಗಾಡಿ ಹೊರಡಿಸಿದ. "ಸ್ಟೆಪ್ನಿ ಬರಲಿಲ್ವಲ್ಲ ರೀ?" ಎಂದಳು ಹೆಂಡತಿ. "ಸ್ಟೆಪ್ನಿ ಕಾಯ್ತಾ ಕೂತ್ರೆ ಅದರ ಹಿಂದೆ ನಿನ್ನ ತಂಗಿ ಗಂಡ ಬರ್ತಾನೆ. ನಡಿ."

ಊರು ದಾಟಿತು. ಗಾಡಿ ಬೆಣ್ಣೆಯ ಮೇಲೆ ಚಾಕು ಜಾರಿದಂತೆ ಹೋಯಿತು. ದಾರಿಬದಿಯ ಒಂದು ದೊಡ್ಡ ಮರದಡಿ ನಿಲ್ಲಿಸಿದ ಮೇಲೆ ಹೆಂಡತಿ ಬುತ್ತಿ ಬಿಚ್ಚಿದಳು. "ಇಬ್ಬರೇ ರೀ," ಎಂದು ಹೊಸ ಮದುವಣಗಿತ್ತಿಯ ಹಾಗೆ ನಕ್ಕಳು. ಅವನು ಮೊದಲ ತುತ್ತು ಬಾಯಿಗಿಟ್ಟ.

ಹಿಂದೆ ಹಾರನ್ ಆಯಿತು.

ಗಾಡಿಯೊಂದು ಬಂದು ಪಕ್ಕದಲ್ಲೇ ನಿಂತಿತು. ಬೀಗದಣ್ಣ ಮೊದಲು ನೋಡಿದ್ದು ಅದರ ಹಿಂದಿನ ಟೈರು. ಅದರ ಮೇಲೆ ಬಿಳಿ ಬಣ್ಣದ ಕೀ.

ಇಟ್ಟಿಗೆ ಮೇಲಿದ್ದ ವ್ಯಾನು! ಬಾಗಿಲು ತೆಗೆದದ್ದೇ ಟೈಲರಕ್ಕ, ಡ್ರೈವರ್, ಟೈಲರಕ್ಕನ ಅತ್ತೆ, ನಾದಿನಿ, ಒಂದು ಬೆಕ್ಕು, ಎಲ್ಲರೂ ಇಳಿದರು. ಷಡ್ಡಕ ತಟ್ಟೆ ಹಿಡಿದೇ ಇಳಿದ.

"ಏನಣ್ಣಾ ನೀನು, ಸ್ಟೆಪ್ನಿ ಬಿಟ್ಟೇ ಬಂದುಬಿಟ್ಯಲ್ಲ! ಒಂಟಿ ಟೈರು ಢಂ ಅಂದ್ರೆ ಯಾರು ಗತಿ? ನಿನ್ನ ಹಳೇ ಗಾಲಿಗೆ ಪಂಕ್ಚರ್ ಹಾಕಿಸಿ, ನಮ್ಮ ಗಾಡಿಗೆ ತೊಡಿಸಿ ಓಡಿ ಬಂದ್ವಿ."

"ಸಂತೋಷ. ಸ್ಟೆಪ್ನಿ ಇಲ್ಲಿ ಕೊಟ್ಟು ನೀವು ಹೊರಡಿ."

"ನಿನ್ನ ಗಾಡೀಲಿ ಇಡೋಕಾಗುತ್ತಾ?" ಷಡ್ಡಕ ಹೌಹಾರಿದ. "ಒಂದು ಕಾಳು ಹೆಚ್ಚಾದ್ರೂ ತಾಳಲ್ಲ ಅಂತ ನೀನೇ ಹೇಳಿದ್ದು! ಅದು ನಮ್ಮ ವ್ಯಾನಲ್ಲೇ ಇರಲಿ. ನೀನು ಎಲ್ಲಿಗೆ ಹೋದ್ರೂ ನಾವು ಹಿಂದೆ ಇರ್ತೀವಿ. ವಾರ ಪೂರ್ತಿ."

ಹೆಂಡತಿ ಬುತ್ತಿಯನ್ನು ಎಲ್ಲರ ತಟ್ಟೆಗೂ ಹಂಚಿದಳು. ಬೀಗದಣ್ಣನ ಪಾಲಿಗೆ ಡಬ್ಬಿಯ ಮುಚ್ಚಳಕ್ಕೆ ಅಂಟಿದ್ದು ಉಳಿಯಿತು.

ಅವನು ಎದ್ದು ಷಡ್ಡಕನ ವ್ಯಾನಿನ ಹಿಂದೆ ಹೋದ. ಅಲ್ಲೇ ಒಂದು ಮುಷ್ಟಿಗಾತ್ರದ ಕಲ್ಲು ಬಿದ್ದಿತ್ತು. ಎತ್ತಿಕೊಂಡು, ಹಲ್ಲು ಕಚ್ಚಿ, ಜೋಡಿ ಟೈರುಗಳ ನಡುವೆ ತುರುಕಲು ಬಗ್ಗಿದ. ಕೈ ಅರ್ಧಕ್ಕೇ ನಿಂತಿತು. ಈ ಟೈರು ಸೀಳಿ ವ್ಯಾನು ಕೆಟ್ಟು ಕೂತರೆ ಇವರೆಲ್ಲ ಮಲಗಲು ಬರುವುದು ಎಲ್ಲಿಗೆ?

ಕಲ್ಲನ್ನು ಗಾಲಿಗೆ ಸಿಗದಷ್ಟು ದೂರ ಎಸೆದ. ಆಮೇಲೆ ಮಂಡಿಯೂರಿ, ಒಳಗಿನ ಟೈರುಗಳಲ್ಲಿ ಗಾಳಿ ಸರಿಯಾಗಿದೆಯೇ ಎಂದು ಒಂದೊಂದನ್ನೇ ಒತ್ತಿ ನೋಡತೊಡಗಿದ.