ಯಮನಿಗೆ ಮುಖ ಬಂದದ್ದು

ಬಣ್ಣದ ವಿಷಯದಲ್ಲಿ ನನಗಿರುವ ಜಂಬ ಸಣ್ಣದಲ್ಲ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಬಣ್ಣ ಬಳಿದ ಸ್ಕೂಟರ್ ಭಾಗಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಸಾಸಿವೆಯಷ್ಟು ಗಂಟು ಕಂಡರೂ ವಾಪಸು ಕಳಿಸುತ್ತೇನೆ. ನುಣುಪಿಲ್ಲದ್ದೆಲ್ಲ ದೋಷ ಎಂಬುದು ನನ್ನ ವೇದಾಂತ. ಹೆಂಡತಿಯ ಚಪಾತಿಯ ಮೇಲೂ ಅದನ್ನು ಪ್ರಯೋಗಿಸಿ ಒಂದು ವಾರ ಅನುಭವಿಸಿದ್ದೇನೆ.

ಈ ವೇದಾಂತಕ್ಕೆ ಪೆಟ್ಟು ಬಿದ್ದದ್ದು ರಾಯಕೋಟೆಯಲ್ಲಿ, ಹೆಂಡತಿಯ ಸೋದರತ್ತೆ ರುಕ್ಮಿಣಮ್ಮನವರ ಮನೆಯಲ್ಲಿ. ಅವರ ಗಂಡ ಡ್ರಾಯಿಂಗ್ ಮೇಷ್ಟರು. ಸಾವಿತ್ರಿ, ಸತ್ಯವಾನ, ಯಮ ಇರುವ ದೊಡ್ಡ ತೈಲಚಿತ್ರವೊಂದನ್ನು ಬರೆಯುತ್ತಾ, ಯಮನ ಮುಖ ಬಾಕಿ ಇರುವಾಗಲೇ ತೀರಿಹೋದರು. ವೈಕುಂಠ ಸಮಾರಾಧನೆಗೆ ಹೋದಾಗ ನೋಡಿದೆ: ಕಿರೀಟದ ಕೆಳಗೆ ಕ್ಯಾನ್‌ವಾಸಿನ ಬರೀ ಬಿಳಿ ಬಟ್ಟೆ. ಆದರೆ ಯಮನ ಕೋಣ ನನ್ನನ್ನು ಹಿಡಿದು ನಿಲ್ಲಿಸಿತು. ಚಾಕುವಿನಲ್ಲಿ ಬಣ್ಣ ಮೆತ್ತಿ ಮೆತ್ತಿ ಎಬ್ಬಿಸಿದ ಅದರ ಒರಟು ಚರ್ಮ, ಕಿಟಕಿಯ ಬೆಳಕು ಕದಲಿದಾಗ ಉಸಿರಾಡಿದಂತೆ ಕಾಣುತ್ತಿತ್ತು. ಸತ್ಯವಾನನ ಎದೆಗೆ ಮಾತ್ರ ಬಣ್ಣ ಎಷ್ಟು ತೆಳುವೆಂದರೆ ಬಟ್ಟೆಯ ನೇಯ್ಗೆಯೇ ಕಾಣುತ್ತಿತ್ತು. ಪ್ರಾಣ ಜಾರುತ್ತಿರುವುದು ಅಲ್ಲೇ ಗೊತ್ತಾಗುತ್ತಿತ್ತು. ನಮ್ಮ ಕಾರ್ಖಾನೆಯಲ್ಲಾದರೆ ಎರಡನ್ನೂ ತಿರಸ್ಕರಿಸುತ್ತಿದ್ದೆ.

ಎರಡು ತಿಂಗಳು ಬಿಟ್ಟು ಹೋದಾಗ ಯಮನಿಗೆ ದವಡೆ ಬಂದಿತ್ತು. ಮೊದಲು ಸರಿಯಾಗಿ ನೋಡಿರಲಿಲ್ಲವೇನೋ ಎಂದುಕೊಂಡೆ. ಮುಂದಿನ ಸಲ ಹೋದಾಗ ಮೂಗು, ಮೀಸೆ. ನಡುಮಧ್ಯಾಹ್ನ, ಮನೆಯೆಲ್ಲ ಸದ್ದಿಲ್ಲ, ತೀರಿಕೊಂಡವರ ಕೋಣೆಯಲ್ಲಿ ಎಣ್ಣೆಬಣ್ಣದ ಹಸಿ ವಾಸನೆ. ಆ ಮುಖವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ತಪಾಸಣೆಯ ಚಾಳಿ, ಕೆನ್ನೆ ಮುಟ್ಟಿದೆ. ಬೆರಳಿಗೆ ಬಣ್ಣ ಅಂಟಿತು.

“ಮುಟ್‌ಬ್ಯಾಡಿ, ಇನ್ನೂ ಒಣಗಿಲ್ಲ,” ಅಂದರು ಅತ್ತೆ, ಬೆನ್ನ ಹಿಂದೆಯೇ ನಿಂತು. ಕೈಯಲ್ಲಿ ಬ್ರಷ್ಷಿತ್ತು.

ಮೇಷ್ಟರಿಗೆ ನಲವತ್ತು ವರ್ಷ ಬಣ್ಣ ಕಲಸಿ ಕೊಟ್ಟವರು ಅವರೇ ಅಂತೆ. ಕೋಣದ ಮೈಯೂ ತಮ್ಮ ಕೈಯದೇ ಎಂದು, ಸಾರಿಗೆ ಒಗ್ಗರಣೆ ಹಾಕಿದ್ದನ್ನು ಹೇಳುವಷ್ಟು ಸಾಧಾರಣವಾಗಿ ಹೇಳಿದರು. ನಾನು ಸುಧಾರಿಸಿಕೊಂಡು, ಈ ಮುಖ ಯಾರದೆಂದು ಕೇಳಿದೆ.

“ನಿಮ್ದೇ ಅಳಿಯಂದ್ರೆ. ಬಂದಾಗೆಲ್ಲ ಇಲ್ಲಿ ನಿಂತ್ಕಂಡು ತಪ್ಪು ಹುಡುಕ್ತೀರಲ್ಲ, ಯಮ ಹಿಂಗೇ ನೋಡ್ತಾನೆ ಅನ್ನಿಸ್ತು. ಸ್ವಲ್ಪ ಹಂಗೇ ನಿಂತ್ಕಳಿ. ಕಣ್ಣು ಬಾಕಿ ಐತೆ.”

ನಿಂತೆ. ಮೂಗು ಅಷ್ಟು ದಪ್ಪವಿಲ್ಲ ಎಂಬ ತಕರಾರಿತ್ತು, ಆಡಲಿಲ್ಲ. ಎರಡನೆಯ ಕಣ್ಣು ಮುಗಿದು ಯಮ ನನ್ನನ್ನೇ ದಿಟ್ಟಿಸತೊಡಗಿದಾಗ ಹೆಂಡತಿ ಒಳಗೆ ಬಂದಳು. ಒಂದು ಕ್ಷಣ ನೋಡಿ, ಚಿತ್ರಕ್ಕೆ ಭಕ್ತಿಯಿಂದ ಕೈಮುಗಿದಳು. ಮದುವೆಯಾದಂದಿನಿಂದ ನನ್ನ ಮುಖಕ್ಕೆ ಅವಳಿಂದ ಸಿಕ್ಕಿದ ಮೊದಲ ನಮಸ್ಕಾರ ಅದು.