ಹೊಟ್ಟೆಯುರಿಗೆ ಕಾಫಿ ಬಿಟ್ಟದ್ದು

ಕಾಫಿ ಬಿಟ್ಟವರ ಎದುರಿಗೇ ಜಗತ್ತಿನ ಕಾಫಿಯೆಲ್ಲ ಬಂದು ನಿಲ್ಲುತ್ತದೆ. ಮೊದಲು, ಮರಾಠಿ ಸೀಮೆಯಲ್ಲಿ ನಾವಿರುವ ಈ ನಿಗಡಿಯನ್ನೆಲ್ಲ ಹುಡುಕಿದರೂ ಒಂದು ಒಳ್ಳೆಯ ಕಾಫಿ ಸಿಗುತ್ತಿರಲಿಲ್ಲ. ನಾನು ಬಿಟ್ಟ ಮರುದಿನದಿಂದ ಲಿಫ್ಟಿನಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಎಲ್ಲರ ಕೈಯಲ್ಲೂ ಅದೇ. ನಾನು ಬಿಟ್ಟದ್ದು ಹೊಟ್ಟೆಯುರಿಗೆ. ಊಟವಾದ ಕೂಡಲೇ ಎದೆಯವರೆಗೂ ಉರಿ ಏರುತ್ತಿತ್ತು. ಆ ಉರಿಯೇನೋ ಕಡಿಮೆಯಾಯಿತು, ಸುಳ್ಳು ಹೇಳಬಾರದು. ಆದರೆ ಕುಡಿಯುವವರನ್ನು ನೋಡಿ ಶುರುವಾದ ಇನ್ನೊಂದು ಹೊಟ್ಟೆಯುರಿಗೆ ಮಾತ್ರ ಇವತ್ತಿಗೂ ಗುಳಿಗೆ ಸಿಕ್ಕಿಲ್ಲ.

ಡಾಕ್ಟರ ಮಗ್ಗು

ನಮ್ಮ ಡಾಕ್ಟರು ಮರಾಠಿ ಹೆಣ್ಣುಮಗಳು, ಭಾಳ ಒಳ್ಳೆಯವರು. ನನ್ನ ಹೊಟ್ಟೆ ಒತ್ತಿ ನೋಡಿ, ದಿನಕ್ಕೆ ಎಷ್ಟು ಸಲ ಕಾಫಿ ಅಂತ ಕೇಳಿದರು. ನಾನು ಅರ್ಧ ಕಡಿಮೆ ಮಾಡಿ ಹೇಳಿದೆ. ಅಷ್ಟಕ್ಕೇ ಅವರ ಹುಬ್ಬು ಮೇಲೆ ಹೋಯಿತು.

"ಕಾಫಿ ಬಂದ್. ಪೂರ್ಣ ಬಂದ್."

"ಮುಂಜಾನೆ ಒಂದೇ ಒಂದು ಕಪ್ಪು?"

"ವಾಸನೆ ಸಹ ನೋಡಬೇಡಿ," ಅಂತ ಮರಾಠಿಯಲ್ಲಿ ಹೇಳಿ, ಮೇಜಿನ ಮೇಲಿದ್ದ ಮಗ್ಗು ಎತ್ತಿ ಒಂದು ಗುಟುಕು ಕುಡಿದರು. ಒಳಗಿನದು ಏನು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರು ಆರಾಮಾಗಿ ಕಣ್ಣು ಮುಚ್ಚಿ ನುಂಗಿದ ರೀತಿಯೇ ಹೇಳಿತು. ಚೀಟಿ ಬರೆಯುತ್ತ ಇನ್ನೊಂದು ಗುಟುಕು. ಸಹಿ ಹಾಕಿ ಮತ್ತೊಂದು.

"ಇನ್ನೇನಾದರೂ ಕೇಳೋದಿದೆಯೇ?" ಅಂದರು.

"ಒಂದೇ ಅದ, ಮೇಡಂ. ನಿಮ್ಮ ಡಾಕ್ಟರ್ ಯಾರು? ನಾ ಅವರ ಕಡೆ ತೋರಿಸ್ಕೋತೀನಿ."

ರಜೆ

ಮೊದಲ ವಾರ ತಲೆನೋವು ಅಂದರೆ, ತಲೆಯೊಳಗೆ ಯಾರೋ ಹಾಸಿಗೆ ಬಡಿಯುತ್ತಿದ್ದ ಹಾಗೆ. ನಾನು ಕೆಲಸ ಮಾಡುವುದು ಶಿವಾಜಿನಗರದ ಒಂದು ಆಫೀಸಿನಲ್ಲಿ. ಪಕ್ಕದ ಮೇಜಿನ ಗೆಳತಿ ನನ್ನ ಸ್ಥಿತಿ ನೋಡಿ ಕರಗಿ, "ನೀನೊಬ್ಬಳೇ ಯಾಕೆ, ನಾನೂ ಬಿಡ್ತೀನಿ" ಅಂತ ನನ್ನ ಜೋಡಿ ಕಾಫಿ ಬಿಟ್ಟಳು. ನನಗೆ ಕಣ್ಣಲ್ಲಿ ನೀರೇ ಬಂತು. ಇನ್ನು ತಲೆ ಹಿಡಿದು ಕೂಡಲು ಒಬ್ಬಳು ಜೊತೆಯಾದಳಲ್ಲ ಅಂತ ಒಳಗೊಳಗೇ ಖುಷಿ.

ಅವಳಿಗೆ ತಲೆನೋವು ಬರಲೇ ಇಲ್ಲ. ನಿದ್ದೆ ಚೆನ್ನಾಗಿ ಬರುತ್ತದಂತೆ, ಮೈ ಹಗುರಾಗಿದೆಯಂತೆ. ವಾರದೊಳಗೆ ಮುಖ ಹೇಗೆ ಹೊಳೆಯತೊಡಗಿತೆಂದರೆ, ಬೇರೆ ವಿಭಾಗದ ಹೆಂಗಸರು ಬಂದು ಯಾವ ಕ್ರೀಮು ಅಂತ ಕೇಳಿಕೊಂಡು ಹೋಗುತ್ತಿದ್ದರು. ಅವಳು ನನ್ನ ಕಡೆ ಕೈ ತೋರಿಸಿ, "ಎಲ್ಲಾ ಇವಳಿಂದ" ಅನ್ನುವಳು. ಅವರು ನನ್ನನ್ನು ನೋಡಿ ಗಾಬರಿಯಾಗಿ ತಿರುಗಿ ಹೋಗುವರು.

ಒಂದು ದಿನ ಸಾಹೇಬರು ನಮ್ಮ ಮೇಜುಗಳ ಹತ್ತಿರ ನಿಂತರು. ಅವಳನ್ನು ನೋಡಿ ನಕ್ಕು, "ಏನು, ರಜೆ ಮೇಲೆ ಹೋಗಿ ಬಂದಿರಾ?" ಅಂತ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ನಗು ಹೋಯಿತು. ದನಿ ಇಳಿಸಿ ಅಂದರು: "ನೀವು ರಜೆ ತಗೊಳ್ಳಿ."

ಬಾಲ್ಕನಿ

ಮನೆಯಲ್ಲಿ ನಮ್ಮ ಅತ್ತೆ ಕಾಫಿಯವರು. ಹಲ್ಲು ಹೋಗಿವೆ, ಮೊಳಕಾಲು ನೋವಿದೆ, ಆದರೆ ಹೊಟ್ಟೆ ಮಾತ್ರ ಕಬ್ಬಿಣ. ಹೊತ್ತು ಹೊತ್ತಿಗೆ ಸ್ಟೀಲ್ ಲೋಟದಲ್ಲಿ ಕುಡಿದು, ಕೊನೆಗೊಂದು "ಹಾ" ಅನ್ನುತ್ತಾರೆ. ಕಾಫಿಗಿಂತ ಆ "ಹಾ" ನನಗೆ ತಡೆಯಲಿಕ್ಕೆ ಆಗುತ್ತಿರಲಿಲ್ಲ.

"ಅತ್ತೀ, ನೀವು ಬಿಡಬ್ಯಾಡ್ರಿ. ಆದ್ರ ಬಾಲ್ಕನಿಯೊಳಗ ಕೂತು ಕುಡೀರಿ, ಬಾಗಿಲಾ ಹಾಕಿಕೊಂಡು," ಅಂದೆ. ಪಾಪ, ಒಪ್ಪಿಕೊಂಡರು.

ಕೆಲವು ದಿನಗಳಲ್ಲೇ ಸೊಸೈಟಿಯ ಹೆಂಗಸರು ನನ್ನನ್ನು ನೋಡಿ ಮುಖ ತಿರುಗಿಸತೊಡಗಿದರು. ಯಾಕೆ ಅಂತ ಗೊತ್ತಾಗಲಿಲ್ಲ. ಪಕ್ಕದ ಬಾಲ್ಕನಿಯ ಮರಾಠಿ ಹೆಂಗಸು, ನಾವು ವಹಿನಿ ಅಂತ ಕರೆಯುವವರು, ಒಂದು ಸಂಜೆ ಅತ್ತೆಯ ಹತ್ತಿರ ಪಿಸುಗುಟ್ಟುವುದು ಕಿಟಕಿಯಿಂದ ಕೇಳಿಸಿದಾಗ ಅರ್ಥವಾಯಿತು: "ಆಜಿ, ಸೊಸೆ ನಿಮ್ಮನ್ನ ಮನೆಯೊಳಗೆ ಕೂಡಗೊಡೋದಿಲ್ಲ ಏನು? ಬರೇ ಕಾಫಿ ಕೊಟ್ಟು ಹೊರಗೆ ಹಾಕ್ತಾಳೆ ಏನು?"

ಅತ್ತೆ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನಿಟ್ಟುಸಿರು ಬಿಟ್ಟರು. ಆ ಕಡೆಯಿಂದ ಕಟಾಂಜನದ ಮೇಲೆ ಒಂದು ತಟ್ಟೆ ಚಕ್ಕುಲಿ ದಾಟಿ ಬಂತು.

ವಹಿನಿ ಒಳಗೆ ಹೋಗುವುದನ್ನೇ ಕಾಯ್ದು ನಾನು ಬಾಲ್ಕನಿಗೆ ನುಗ್ಗಿದೆ. "ಅಲ್ರಿ ಅತ್ತೀ, ನಾ ನಿಮಗ ಹಂಗ ಮಾಡೀನೇನು? ಖರೆ ಏನದ ಅಂತ ಹೇಳಬಾರದೇನ್ರಿ?"

ಅತ್ತೆ ಚಕ್ಕುಲಿ ಮುರಿದು ಕಾಫಿಯಲ್ಲಿ ಅದ್ದಿದರು. "ಹೇಳ್ತೀನಿ ಬಿಡು. ನಾಳೆ ಕರ್ಜಿಕಾಯಿ ಮಾಡ್ತೀನಿ ಅಂದಾಳ. ಅದೊಂದು ಬರಲಿ."

ಎದುರಿನ ಹೋಟೆಲು

ನಮ್ಮ ಆಫೀಸಿನ ಹತ್ತಿರ ಕುಂದಾಪುರದವರದ್ದು ಒಂದು ಹೋಟೆಲಿದೆ. ಎಷ್ಟೋ ವರ್ಷದಿಂದ ಮಧ್ಯಾಹ್ನ ನಾನು ಅಲ್ಲಿಗೆ ಕಾಲಿಟ್ಟರೆ, ಮಾಲೀಕರು ಗಲ್ಲಾದಿಂದಲೇ ಒಳಗೆ ಕೂಗಿ ಹೇಳುತ್ತಿದ್ದರು, "ಮೇಡಂಗೆ ಒಂದು ಸ್ಟ್ರಾಂಗ್!" ಅವತ್ತು ನಾನು ಕೈ ಆಡಿಸಿ, "ಮಜ್ಜಿಗಿ ಕೊಡ್ರಿ" ಅಂದೆ.

ಅವರ ಮುಖ ಬಾಡಿತು. "ಎಂತ ಮೇಡಂ, ಕಾಫಿಗೆ ಏನಾಯ್ತು?"

"ಡಾಕ್ಟರ್ ಬ್ಯಾಡ ಅಂದಾರ್ರಿ."

"ಡಾಕ್ಟರಾ," ಅಂದು ರಸ್ತೆಯ ಆಚೆ ನೋಡಿದರು. ಅಲ್ಲಿ ಹೊಸದಾಗಿ ಇನ್ನೊಂದು ಹೋಟೆಲು ಶುರುವಾಗಿತ್ತು. ಬೋರ್ಡಿನ ಮೇಲೆ ಹೊಗೆಯಾಡುವ ದೊಡ್ಡ ಲೋಟದ ಚಿತ್ರ. "ಹೋದ ವಾರ ಒಬ್ಬರು ಹೀಗೇ, ಡಾಕ್ಟರು ಇಡ್ಲಿ ಬೇಡ ಹೇಳಿದ್ದಾರೆ ಅಂತ ಹೇಳಿ ಹೋದ್ರು. ಮರುದಿನ ಅಲ್ಲಿ ಕೂತು ಇಡ್ಲಿ ತಿಂತಾ ಇದ್ರು. ನಾನೇ ನೋಡಿದ್ದು, ಮಾರಾಯ್ರೇ."

ನಾನು ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಮರುದಿನ ಮಜ್ಜಿಗೆಯ ಪಕ್ಕದಲ್ಲಿ, ನಾನು ಕೇಳದಿದ್ದರೂ, ಒಂದು ಕಾಫಿ ಬಂದು ಕೂತಿತು. ಅವರೇ ಬಂದು ಎದುರಿಗೆ ನಿಂತರು. "ಇದು ನನ್ನ ಲೆಕ್ಕ. ಒಂದು ಗುಟುಕು ಕುಡೀರಿ, ಸಾಕು."

ನೊರೆ ಅಂಚಿನವರೆಗೂ ನಿಂತಿತ್ತು. ನಾನು ಕಣ್ಣು ಮುಚ್ಚಿ, ಎರಡೂ ಕೈಯಿಂದ ಲೋಟವನ್ನು ಆಚೆ ಸರಿಸಿದೆ. ನನ್ನ ಜೀವನದಲ್ಲಿ ಅಷ್ಟು ಗಟ್ಟಿ ಮನಸ್ಸು ಮತ್ತೆ ಮಾಡಿಲ್ಲ. ಶಾಭಾಸ್ ಅಂದಾರು ಅಂತ ಕಣ್ಣು ತೆರೆದೆ. ಅವರ ಕಣ್ಣು ತುಂಬಿತ್ತು.

"ಅಷ್ಟು ಚಂದ ಉಂಟಾ ಮೇಡಂ, ಅವರ ಕಾಫಿ?"

ಇನ್ನೊಬ್ಬಾಕಿ

ನನ್ನ ಗಂಡ ಚಾಕಣದ ಕಂಪನಿಯಲ್ಲಿದ್ದಾರೆ. ಅವರು ಹುಟ್ಟಾ ಚಹಾದವರು. ತಾಯಿ ಹೇಳಿದರೂ, ಹೆಂಡತಿ ಹೇಳಿದರೂ ಕಾಫಿ ಮುಟ್ಟಿದವರಲ್ಲ. ಒಂದು ಶನಿವಾರ ಸಂಜೆ ಅವರು ಬಾಗಿಲ ಹೊರಗೆ ಬೂಟು ಬಿಚ್ಚುತ್ತಿದ್ದರು. ನಾನು ಬಾಗಿಲು ತೆರೆದೆ. ಗಂಡನ ಬಾಯಿಂದ ಘಮ್ಮನೆ ಫಿಲ್ಟರ್ ಕಾಫಿಯ ವಾಸನೆ!

ಕಾರಿಡಾರಿನಲ್ಲಿ ಜಗಳವಾಡಲು ನಮಗೆ ಎಂದೂ ಸಂಕೋಚವಿಲ್ಲ. ಆ ಮಹಡಿಯಲ್ಲಿ ಕನ್ನಡ ಬಲ್ಲವರು ನಾವು ಬಿಟ್ಟರೆ ಯಾರೂ ಇಲ್ಲ ಅಂತ ನಮ್ಮ ಧೈರ್ಯ.

"ಎಲ್ಲೆ ಹೋಗಿದ್ರಿ? ಸುಳ್ಳು ಹೇಳಬ್ಯಾಡ್ರಿ, ವಾಸನಿ ಬರ್ಲಿಕ್ಕತ್ತದ."

"ಒಳಗ ನಡಿ, ಹೇಳ್ತೀನಿ."

"ಒಳಗ ಯಾಕ? ಎಷ್ಟು ದಿನದಿಂದ ನಡದದ ಇದು?"

"ಸ್ವಲ್ಪ ದಿನಾತು. ಕಂಪನಿಯ ಗೆಳೆಯ ಒಬ್ಬಾವ ಕರಕೊಂಡು ಹೋದ. ಒಮ್ಮೆ ನೋಡೋಣ ಅಂತ ಹೋದೆ, ಈಗ ಬಿಡ್ಲಿಕ್ಕೆ ಆಗವಲ್ದು."

"ಇಷ್ಟು ವರ್ಷ ನಾ ಕರದ್ರ ಒಲ್ಲೆ ಅಂತಿದ್ರಿ! ಡಾಕ್ಟರ್ ನನಗ ಬ್ಯಾಡ ಅಂದ ಕೂಡ್ಲೆ ನಿಮಗ ಹೊರಗಿನ ರುಚಿ ಹತ್ತಿತೇನು? ದಿನಾ ಹೋಗ್ತೀರೇನು?"

"ದಿನಾ ಎಲ್ಲೆ? ರವಿವಾರ ಮನ್ಯಾಗ ಇರ್ತೀನಲ್ಲಾ."

ನಾನು ಅಳುತ್ತಲೇ ಬಾಗಿಲು ಹಾಕಿಕೊಂಡೆ.

ಮರುದಿನ ಮುಂಜಾನೆ ಬೆಲ್ ಆಯಿತು. ಎದುರು ಫ್ಲಾಟಿಗೆ ಹೊಸದಾಗಿ ಬಂದ ಹುಡುಗಿ, ಐಟಿಯವಳು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, "ಆಂಟಿ, ನಾನೂ ಕನ್ನಡದವಳೇ, ಬೆಂಗಳೂರು. ನಿನ್ನೆ ಎಲ್ಲಾ ಕೇಳಿಸ್ತು, ಸಾರಿ. ನೀವು ಸ್ಟ್ರಾಂಗ್ ಆಗಿರ್ಬೇಕು. ನನ್ನ ಫ್ರೆಂಡ್ ಒಬ್ಳು ಲಾಯರ್ ಇದಾಳೆ, ಮಾತಾಡ್ಲಾ?" ಅಂದಳು.

"ಲಾಯರ್ ಯಾಕ?"

"ಅದೇ ಆಂಟಿ... ಅಂಕಲ್ ಇನ್ನೊಬ್ಳ ಹತ್ರ..."

"ಇನ್ನೊಬ್ಬಾಕಿ ಅಲ್ಲವ್ವಾ! ಅವರು ಹೊರಗ ಕಾಫಿ ಕುಡ್ದು ಬಂದಾರ."

ಹುಡುಗಿ ಎದೆ ಮೇಲೆ ಕೈ ಇಟ್ಟುಕೊಂಡು ಉಸಿರು ಬಿಟ್ಟಳು. "ಅಯ್ಯೋ ದೇವ್ರೇ! ಬರೀ ಕಾಫೀನಾ?"

ಆ "ಬರೀ" ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಬರೀ ಏನು ಬರೀ! ಇನ್ನೊಬ್ಬಾಕಿ ಆಗಿದ್ರ ಹೆಂಗರೆ ಮಾಡಿ ತಡಕೋತಿದ್ದೆ. ಫಿಲ್ಟರ್ ಕಾಫಿ ಅದು, ನೊರಿ ಬಂದದ್ದು! ಅದೂ ನನ್ನ ಬಿಟ್ಟು!"

ಹಿಂದೆ ಬಾತ್‌ರೂಮಿನ ಬಾಗಿಲು ತೆರೆದ ಸದ್ದಾಯಿತು. ಅರ್ಧ ಕೆನ್ನೆಗೆ ಶೇವಿಂಗ್ ನೊರೆ ಹಚ್ಚಿಕೊಂಡು ನನ್ನ ಗಂಡ ಹೊರಗೆ ಬಂದರು. ನನ್ನನ್ನು ನೋಡಿದರು, ಆ ಹುಡುಗಿಯನ್ನು ನೋಡಿದರು. ಆಮೇಲೆ ಬಹಳ ನೊಂದವರ ಹಾಗೆ ಹೇಳಿದರು:

"ಇದನ್ನ ಮೊದಲ ಹೇಳಬಾರದೇನು? ನಾ ಸುಮ್ನ ಕಾಫಿ ಕುಡದು ಕೆಟ್ಟೆ."