ಬೈರಾಸು ಹಾಕಿದ ಕುರ್ಚಿ

ಹೃಷೀಕೇಶ ಆಚಾರ್ಯರಿಗೆ ಕಲೆಯ ಮೇಲೆ ಯಾವ ದ್ವೇಷವೂ ಇರಲಿಲ್ಲ. ಅವರ ಸಿಟ್ಟೆಲ್ಲ ಕುರ್ಚಿಯ ವಿಷಯದಲ್ಲಿ. ಮಣಿಪಾಲದ ಆ ಓಣಿಯ ಹಳೆಯ ಮನೆಗಳನ್ನೆಲ್ಲ ಗ್ಯಾಲರಿ ಮಾಡಿದ್ದಾರೆ, ಗೋಡೆಗೆ ಬಿಳಿ ಬಳಿದಿದ್ದಾರೆ, ಮೂಲೆಮೂಲೆಗೂ ದೀಪ ಹಾಕಿದ್ದಾರೆ. ಆದರೆ ಬಂದವರಿಗೆ ಕೂರಲು ಒಂದು ಮಣೆಯೂ ಇಲ್ಲ! ಬಲಮಂಡಿ ನೋವಿನ ನಿವೃತ್ತ ಗಣಿತ ಮಾಸ್ಟ್ರಿಗೆ ಸಿಟ್ಟು ಬಾರದೆ ಇನ್ನೇನು ಬರಬೇಕು?

ಹೊರಟುಬಿಡೋಣವೆಂದರೆ ಹೆಂಡತಿ ಪಂಕಜಾ ಬಿಡುವಂತಿಲ್ಲ. ಅವಳ ಅಣ್ಣನ ಮಗಳು ಅನ್ವಿತಾಳ ಚಿತ್ರ ಮೊದಲ ಸಲ ಪ್ರದರ್ಶನಕ್ಕೆ ಬಂದಿತ್ತು. ಹುಡುಗಿ ಕಾಲೇಜು ಮುಗಿಸಿ ಸಂಜೆ ಬರುವವರೆಗೆ ಇರಲೇಬೇಕು. ಕಳೆದ ವರ್ಷ ಅನ್ವಿತಾಳ ಅಣ್ಣನ ನಿಶ್ಚಿತಾರ್ಥದಿಂದ ಆಚಾರ್ಯರು ಊಟವಾದದ್ದೇ ಎದ್ದು ಬಂದದ್ದನ್ನು ಕಾಪುವಿನ ತವರುಮನೆಯವರು ಇನ್ನೂ ಮರೆತಿರಲಿಲ್ಲ.

“ಈ ಸಲವೂ ಅರ್ಧದಲ್ಲಿ ಹೊರಟರೆ ನಾನು ತವರಿನಲ್ಲಿ ಮುಖ ತೋರಿಸುವ ಹಾಗಿಲ್ಲ. ಗೊತ್ತುಂಟಲ್ಲ?” ಎಂದಿದ್ದಳು ಪಂಕಜಾ.

ಮೊದಲನೆಯ ಮನೆಯಲ್ಲಿ ಹೆಜಮಾಡಿಯ ಹರಿದ ಮೀನುಬಲೆಯೊಂದನ್ನು ಮಾಡಿನ ಜಂತಿಗೆ ತೂಗುಹಾಕಿದ್ದರು. ಆಚಾರ್ಯರು ಅದನ್ನು ನಿಂತು ನೋಡಿದರು. ಎರಡನೆಯ ಮನೆಯಲ್ಲಿ ಅಕ್ಕಿಮೂಟೆಗಳ ರಾಶಿ ಕಂಡಿತು. ದೇವರು ಕಣ್ಣು ಬಿಟ್ಟನೆಂದು ಕೂರಹೋದರೆ, ಗ್ಯಾಲರಿ ನೋಡಿಕೊಳ್ಳುತ್ತಿದ್ದ ಸೆಲೀನ್ ಎಂಬ ಹುಡುಗಿ ಓಡಿ ಬಂದಳು.

“ಅಂಕಲ್, ಅದು ಕೃತಿ! ಕೂರಬಾರದು!”

“ಅಕ್ಕಿಮೂಟೆ ಎಂತ ಕೃತಿ? ಆದಿಉಡುಪಿಯ ಮಾರ್ಕೆಟಿಗೆ ಬಾ, ಬೇಕಾದಷ್ಟು ಕೃತಿ ತೋರಿಸುತ್ತೇನೆ!”

ಪಂಕಜಾ ಅವರನ್ನು ಮೂರನೆಯ ಮನೆಗೆ ಎಳೆದುಕೊಂಡು ಹೋದಳು. ಅನ್ವಿತಾಳ ಚಿತ್ರ ಅಲ್ಲಿ ಬಾಗಿಲ ಹಿಂದೆ ಸಣ್ಣದಾಗಿ ತೂಗುತ್ತಿತ್ತು. ಒಂದು ನರಪಿಳ್ಳೆಯೂ ಅದರ ಮುಂದೆ ನಿಂತಿರಲಿಲ್ಲ. ಪಂಕಜಾಳ ಮುಖ ಬಾಡಿತು. ಆಚಾರ್ಯರ ಮುಖ ಮಾತ್ರ ಅರಳಿತು, ಏಕೆಂದರೆ ಕಿಟಕಿಯ ಬಳಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇತ್ತು. ಸಾಕ್ಷಾತ್ ಕುರ್ಚಿ!

ಅಂಗಳದ ನಲ್ಲಿಯ ನೀರಿನಲ್ಲಿ ನೋವಿನ ಮಾತ್ರೆಯೊಂದನ್ನು ನುಂಗಿ ಬಂದು ಕೂರೋಣವೆಂದು, ಬಸ್ಸಿನಲ್ಲಿ ಸೀಟು ಹಿಡಿಯುವಂತೆ ಬೆವರೊರೆಸುವ ಹೆಗಲ ಬೈರಾಸನ್ನು ಕುರ್ಚಿಯ ಮೇಲೆ ಹಾಸಿ ಹೋದರು. ಬೈರಾಸು ಹಾಕಿದ ಜಾಗದಲ್ಲಿ ಕೂರುವಷ್ಟು ನಾಚಿಕೆ ಬಿಟ್ಟವರು ನಮ್ಮ ಊರಿನಲ್ಲಿ ಯಾರಿದ್ದಾರೆ?

ಯಾರೂ ಕೂತಿರಲಿಲ್ಲ. ಬರುವಷ್ಟರಲ್ಲಿ ಕುರ್ಚಿಯ ಸುತ್ತ ಜನ ಮಾತ್ರ ನೆರೆದಿದ್ದರು. ಆಚಾರ್ಯರು ದಾರಿ ಮಾಡಿಕೊಂಡು ಕೂರಲು ಬಗ್ಗಿದರು.

“ಅಯ್ಯೋ, ಬೈರಾಸು ಕಾಣುವುದಿಲ್ವಾ?” ಎಂದು ವೆರೊನಿಕಾ ಎಂಬ ಹಿರಿಯ ಹೆಂಗಸು ತಡೆದರು. “ಯಾರೋ ಪಾಪ ಜಾಗ ಹಿಡಿದು ಹೋಗಿದ್ದಾರೆ.”

“ನಾನೇ ಅಮ್ಮ ಆ ಪಾಪದವನು!”

“ಬಸ್ಸಿನಲ್ಲಿಯೂ ಎಲ್ಲರೂ ಹಾಗೇ ಹೇಳುವುದು.”

“ಜಾಗವೂ ಅಲ್ಲ, ಎಂತದೂ ಅಲ್ಲ ಮಾರಾಯ್ರೆ,” ಎಂದು ನಿಟ್ಟೆಯ ಕಾಲೇಜಿನಲ್ಲಿ ಪಾಠ ಮಾಡುವ ಇವಾನ್ ಮುಂದೆ ಬಂದ. “ಇದು ಕೃತಿ. ಬಾರದವನಿಗಾಗಿ ಕಾಯುವ ಕುರ್ಚಿ. ನೋಡಿ, ನಮ್ಮಲ್ಲಿ ಒಬ್ಬರಿಗೂ ಕೂರಲು ಧೈರ್ಯ ಬರುವುದಿಲ್ಲ!”

“ಬಾರದವನಲ್ಲ, ಬಂದಿದ್ದೇನೆ! ಬೈರಾಸಿನ ತುದಿಯಲ್ಲಿ ಮಾವಿನಮಿಡಿ ಉಪ್ಪಿನಕಾಯಿಯ ಕಲೆ ಉಂಟು. ಮಧ್ಯಾಹ್ನ ಬಿದ್ದದ್ದು!”

ಎಲ್ಲರೂ ಬಗ್ಗಿ ನೋಡಿದರು. ಕಲೆ ಇತ್ತು. “ಆ ಕಲೆಯಲ್ಲೇ ಇರುವುದು ಎಲ್ಲ!” ಎಂದು ಇವಾನ್ ಉದ್ಗರಿಸಿದ. ಆಚಾರ್ಯರಿಗೆ ಮೈಯೆಲ್ಲ ಉರಿಯಿತು. ಸ್ವಂತ ಬೈರಾಸಿನ ಮೇಲೆ ಕೂರಲು ಊರಿನವರ ಅಪ್ಪಣೆ ಬೇಕೇ?

ಗಲಾಟೆ ಕೇಳಿ ಗ್ಯಾಲರಿಯ ಯಜಮಾನ ಅಭಿರಾಮ್ ಬಂದ. ತನ್ನ ಗ್ಯಾಲರಿಯಲ್ಲಿ ಏನೇನುಂಟೆಂದು ಅವನಿಗೆ ಪೂರ್ತಿ ಗೊತ್ತಿರಲಿಲ್ಲ. ಜನ ಎಲ್ಲಿ ಸೇರಿದ್ದಾರೆಂದು ಮಾತ್ರ ತಕ್ಷಣ ತಿಳಿಯುತ್ತಿತ್ತು.

“ಅದ್ಭುತ! ಯಾರದ್ದಿದು?”

ಆಚಾರ್ಯರು ಬಾಯಿ ತೆರೆದರು. ಅಷ್ಟರಲ್ಲಿ, ಬಾಗಿಲ ಹಿಂದಿನ ಒಂಟಿ ಚಿತ್ರವನ್ನೂ ಕುರ್ಚಿಯ ಸುತ್ತಲಿನ ಜಾತ್ರೆಯನ್ನೂ ಒಮ್ಮೆ ನೋಡಿದ ಪಂಕಜಾ ಗಟ್ಟಿಯಾಗಿ ಹೇಳಿದಳು: “ನಮ್ಮ ಅನ್ವಿತಾಳದ್ದು!”

“ಪಂಕಜಾ!”

“ನೀವು ಸುಮ್ಮನಿರಿ,” ಎಂದಳು ಹಲ್ಲು ಕಚ್ಚಿ. “ನಿಶ್ಚಿತಾರ್ಥ ನೆನಪುಂಟಲ್ಲ?”

ಆಚಾರ್ಯರು ಎರಡು ಹೆಜ್ಜೆ ಹಿಂದೆ ಸರಿದರು. ಕುರ್ಚಿಗೆ ಹಗ್ಗದ ಬೇಲಿ ಬಂತು, ಅನ್ವಿತಾಳ ಹೆಸರಿನ ಚೀಟಿ ಬಂತು. ಅವರು ಗೋಡೆಗೆ ಒರಗಹೋದರೆ ಅದಕ್ಕೂ ಬಣ್ಣ ಹಸಿಯಿದೆಯೆಂದು ಸೆಲೀನ್ ಕೂಗಿದಳು. ಸಂಜೆಯವರೆಗೆ ಕೊಕ್ಕರೆಯಂತೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತರು.

ಕೊನೆಗೆ ಅನ್ವಿತಾ ಓಡಿ ಬಂದಳು. ಜನರನ್ನು ನೋಡಲಿಲ್ಲ, ತನ್ನ ಚಿತ್ರವನ್ನೂ ನೋಡಲಿಲ್ಲ, ನೇರ ಅವರ ಬಳಿಗೇ ಬಂದಳು.

“ಮಾವ, ಎಂತ ನಿಂತೇ ಇದ್ದೀರಿ? ನಿಮ್ಮ ಮಂಡಿಗೆಂದೇ ವಾಚ್‌ಮನ್ ಯಂಕಪ್ಪಣ್ಣನಿಗೆ ಹೇಳಿ ಬೆಳಿಗ್ಗೆಯೇ ಕಿಟಕಿಯ ಹತ್ತಿರ ಒಂದು ಕುರ್ಚಿ ಇಡಿಸಿದ್ದೆ. ಕೆಂಪು ಕುರ್ಚಿ. ಕಾಣಲಿಲ್ವಾ?”

ಆಚಾರ್ಯರು ಪಂಕಜಾಳನ್ನು ನೋಡಿದರು. ಪಂಕಜಾ ತಲೆಯೆತ್ತಿ ಮಾಡನ್ನು ನೋಡಿದಳು.

ಅಷ್ಟರಲ್ಲಿ ಅಭಿರಾಮ್ ಕ್ಯಾಮೆರಾದವನೊಡನೆ ಬಂದ. “ಕಲಾವಿದೆ ಬಂದ್ರಾ? ಈ ಕೃತಿ ನಾಳೆ ಕಾರ್ಕಳದ ಪ್ರದರ್ಶನಕ್ಕೆ ಹೋಗುತ್ತದೆ. ಮನೆಯವರೆಲ್ಲ ಕುರ್ಚಿಯ ಪಕ್ಕ ನಿಲ್ಲಿ. ಹಿರಿಯರೇ, ಹಗ್ಗ ಮುಟ್ಟಬೇಡಿ. ಸ್ವಲ್ಪ ನಗಿ.”

ಬೆವರು ಒರೆಸಿಕೊಳ್ಳಲು ಆಚಾರ್ಯರ ಕೈ ತಾನಾಗಿ ಹೆಗಲಿಗೆ ಹೋಯಿತು. ಅಲ್ಲಿ ಬೈರಾಸಿರಲಿಲ್ಲ.